ಅಮ್ಮನ ಜೊತೆ ನೆರ್ವಿಯಾ ಕಣಿವೆಯಲ್ಲಿ

ಚಕ್ರದ ಸೂಟ್‌ಕೇಸ್ ತಂದದ್ದೇ ನನ್ನ ಮೊದಲ ತಪ್ಪು. ಇಟಲಿಯ ದೋಲ್ಚೆಆಕ್ವಾ ಅನ್ನೋ ಊರಿನ ಹಳೇ ಸೇತುವೆ ನಡುವೆ ಒಂಟೆ ಬೆನ್ನಿನ ಹಾಗೆ ಉಬ್ಬಿದೆ, ಮೇಲೆಲ್ಲ ಕಲ್ಲುಹಾಸು. ಗಡಗಡ ಸದ್ದು ಮಾಡುತ್ತಾ ಎಳೆದೆ. ಅರ್ಧಕ್ಕೇ ಕೈ ಸೋತಿತು. ಅಮ್ಮ ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡು ಆಗಲೇ ಆಚೆ ದಡದಲ್ಲಿ ನಿಂತಿದ್ದಳು. "ನಿನಗೆ ಆಗಲೇ ಹೇಳಿರಲಿಲ್ವಾ?" ಅಂದಳು. ಹೇಳಿದ್ದಳು.

ನಾನು ಕೆಲಸದ ಮೇಲೆ ಮಿಲಾನ್‌ನಲ್ಲಿದ್ದಾಗ ಜೂನ್‌ನಲ್ಲಿ ಅಮ್ಮ ಶಿರಸಿಯಿಂದ ಬಂದಿದ್ದಳು. ಸಮುದ್ರ ತೋರಿಸೋಣ ಅಂತ ಇಟಲಿಯ ವಾಯವ್ಯ ಕರಾವಳಿಯ ಲಿಗೂರಿಯಾಗೆ ಕರೆದುಕೊಂಡು ಹೋದೆ. ದಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಆದರೆ ಲಿಗೂರಿಯಾದಲ್ಲಿ ಸಮತಟ್ಟು ನೆಲ ಅಂತ ಇರೋದು ದಡದ ಒಂದು ಪಟ್ಟಿ ಮಾತ್ರ. ಅದರ ಬೆನ್ನಿಗೇ ಬೆಟ್ಟ. ಕಡಲ್ಗಳ್ಳರ ಕಾಟಕ್ಕೆ ಹೆದರಿ ಜನ ಮೇಲೆ ಹೋಗಿ ಊರು ಕಟ್ಟಿಕೊಂಡರು. ಮನೆಗೆ ಮನೆ ಅಂಟಿಸಿ, ಹೊರಗಿನ ಗೋಡೆಯೇ ಕೋಟೆ ಆಗುವ ಹಾಗೆ. ನಾವು ಆರಿಸಿದ್ದು ಫ್ರಾನ್ಸ್ ಗಡಿಯ ಹತ್ತಿರದ ನೆರ್ವಿಯಾ ಕಣಿವೆ. ಮಿಲಾನ್‌ನಿಂದ ವೆಂಟಿಮಿಲ್ಯಾಗೆ ರೈಲಿನಲ್ಲಿ ಸುಮಾರು ನಾಲ್ಕು ತಾಸು, ಅಲ್ಲಿಂದ ಕಣಿವೆಯ ದೋಲ್ಚೆಆಕ್ವಾಗೆ ಬಸ್.

ಕಾರು ಬೇಡ ಅಂತ ನಾನೇ ಹಟ ಹಿಡಿದಿದ್ದೆ. ಈ ಊರುಗಳ ಒಳಗೆ ಕಾರು ಹೋಗೋದಿಲ್ಲ. ಹೊರಗೆ ನಿಲ್ಲಿಸಲು ಜಾಗ ಹುಡುಕೋದೇ ಒಂದು ಕೆಲಸ. ಬಸ್ಸಿನ ಟಿಕೆಟನ್ನು 'ಟಿ' ಅಂತ ಬೋರ್ಡ್ ಹಾಕಿರುವ ತಂಬಾಕಿನ ಅಂಗಡಿಯಲ್ಲಿ ಮೊದಲೇ ಕೊಂಡಿಟ್ಟುಕೊಳ್ಳಿ. ಹತ್ತಿದ ಕೂಡಲೇ ಮಷಿನ್‌ಗೆ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದ ಟಿಕೆಟ್ ಜೇಬಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ದೋಲ್ಚೆಆಕ್ವಾದ ಹೆಸರು ಅಮ್ಮನಿಗೆ ತುಂಬಾ ಹಿಡಿಸಿತು. ಇಟಾಲಿಯನ್ನರೂ ಉಪ್ಪಿಲ್ಲದ ನೀರಿಗೆ 'ಸಿಹಿನೀರು' ಅಂತಲೇ ಅನ್ನುತ್ತಾರೆ, ಅಕ್ವಾ ದೋಲ್ಚೆ. ಸೇತುವೆ 15ನೇ ಶತಮಾನದ್ದು. 33 ಮೀಟರ್ ಉದ್ದದ ಒಂದೇ ಕಮಾನಿನಲ್ಲಿ ಹೊಳೆಯನ್ನು ದಾಟುತ್ತದೆ. 1884ರಲ್ಲಿ ಚಿತ್ರಕಾರ ಮೊನೆ ಇಲ್ಲಿಗೆ ಬಂದು ಇದನ್ನೂ ಮೇಲಿನ ದೋರಿಯಾ ಮನೆತನದ ಕೋಟೆಯನ್ನೂ ಬರೆದಿದ್ದ. ಕೋಟೆ ಆಗಲೇ ಹಾಳುಬಿದ್ದಿತ್ತು. ಕೋಟೆಯ ಕೆಳಗಿನ ಹಳೇ ಕೇರಿಗೆ 'ತೆರ್ರಾ' ಅಂತ ಹೆಸರು. ನಮ್ಮ ರೂಮು ಇದ್ದದ್ದು ಅಲ್ಲೇ. ಓಣಿಗಳು ಎಷ್ಟು ಇಕ್ಕಟ್ಟು ಅಂದರೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತದೆ. ತಲೆ ಮೇಲೆ ಈ ಮನೆಯಿಂದ ಆ ಮನೆಗೆ ಸಣ್ಣ ಕಲ್ಲಿನ ಕಮಾನುಗಳು. ನಾನು ಸುಮ್ನೆ ಅಂದಕ್ಕೆ ಅಂದುಕೊಂಡಿದ್ದೆ. ಅಲ್ಲ, ಭೂಕಂಪ ಬಂದಾಗ ಒಂದು ಮನೆ ಇನ್ನೊಂದಕ್ಕೆ ಒರಗಿ ನಿಲ್ಲಲಿ ಅಂತ. ಇದೇ ಕರಾವಳಿಯ ಬೆಟ್ಟದ ಮೇಲಿನ ಬುಸ್ಸಾನಾ 1887ರ ಭೂಕಂಪದಲ್ಲಿ ಹಾಳಾಗಿ ಜನ ಊರನ್ನೇ ಬಿಟ್ಟರು.

ಹೋಗೋ ಹೊತ್ತು ಮುಖ್ಯ. ಎಲ್ಲರೂ ಬೆಳಿಗ್ಗೆ ಹನ್ನೊಂದಕ್ಕೆ ಬಂದು ಊಟ ಮಾಡಿ ಮೂರಕ್ಕೆ ಹೊರಡುತ್ತಾರೆ. ಮಧ್ಯಾಹ್ನ ಅಂಗಡಿಗಳಿಗೆ ಬಾಗಿಲು ಬೇರೆ ಹಾಕಿರುತ್ತಾರೆ. ನಾವು ಸಂಜೆ ನಾಲ್ಕರ ಮೇಲೆ ತಲುಪಿ ಮೂರು ರಾತ್ರಿ ಉಳಿದೆವು. ಸಂಜೆ ಅಜ್ಜಿಯರು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಎರಡನೇ ದಿನಕ್ಕೇ ಅಮ್ಮನಿಗೂ ಒಂದು ಕುರ್ಚಿ ಬಂತು. ಭಾಷೆ ಬರಲ್ಲ, ಆದರೂ ಮಂಡಿನೋವಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು.

ಊಟದ ಚಿಂತೆ ನನಗೆ ಜಾಸ್ತಿ ಇತ್ತು. 'ಸೆಂತ್ಸಾ ಕಾರ್ನೆ', ಅಂದರೆ ಮಾಂಸ ಇಲ್ಲದ್ದು, ಅಂತಷ್ಟೇ ಹೇಳಿದರೆ ಸಣ್ಣ ಉಪ್ಪುಮೀನು ತಟ್ಟೆಗೆ ಬಂದುಬಿಡುತ್ತದೆ. 'ಸೆಂತ್ಸಾ ಪೇಶೆ', ಮೀನೂ ಬೇಡ, ಅಂತಲೂ ಸೇರಿಸಬೇಕು. ನಮ್ಮನ್ನು ಉಳಿಸಿದ್ದು ಫರಿನಾತಾ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ಹಿಟ್ಟನ್ನು ತೆಳ್ಳಗೆ ಕಲಸಿ ಕೆಲವು ತಾಸು ಬಿಡುತ್ತಾರೆ. ಮೇಲೆ ಬಂದ ನೊರೆ ತೆಗೆದು, ಅಗಲವಾದ ತಾಮ್ರದ ತಟ್ಟೆಗೆ ಹೊಯ್ದು ಸೌದೆ ಒಲೆಗೆ ತಳ್ಳುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೆ ಕಾಳುಮೆಣಸಿನ ಪುಡಿ. ಅಮ್ಮ ಎರಡು ತುಂಡು ತಿಂದು, "ಒಂದು ಹಸಿಮೆಣಸು ಬಿದ್ದಿದ್ರೆ..." ಅಂತ ಅಲ್ಲಿಗೇ ನಿಲ್ಲಿಸಿದಳು. ಬಾರ್ಬಜುವಾಯ್ ಅನ್ನೋದು ಸಿಹಿಗುಂಬಳದ ಹೂರಣ ತುಂಬಿ ಕರಿದದ್ದು. ನೋಡಲು ನಮ್ಮ ಕರಿಗಡುಬು. ಒಳಗಿನ ಹುಳಿ ಚೀಸಿನ ವಾಸನೆ ಅಮ್ಮನಿಗೆ ಆಗಲಿಲ್ಲ. ಅವಳ ಪಾಲನ್ನೂ ನಾನೇ ತಿಂದೆ.

ಎರಡನೇ ತಪ್ಪು ಹತ್ತಿರದ ಅಪ್ರಿಕಾಲೆಯಲ್ಲಿ. ಗುಡ್ಡದ ನೆತ್ತಿಯಿಂದ ಇಳಿಬಿಟ್ಟ ಹಾಗಿರುವ ಊರು. ಅಲ್ಲಿನ ಚರ್ಚಿನ ಗಂಟೆಗೋಪುರದ ತುದಿಯಲ್ಲಿ ಆಕಾಶಕ್ಕೆ ಮುಖ ಮಾಡಿದ ಒಂದು ಸೈಕಲ್ ನಿಲ್ಲಿಸಿದ್ದಾರೆ! ಚೌಕದಲ್ಲಿ ಕೂತು ಅದನ್ನೇ ನೋಡುತ್ತಾ ಹೊತ್ತು ಹೋಯಿತು. ಸಂಜೆ ಬಸ್ ಬರಲೇ ಇಲ್ಲ. ವೇಳಾಪಟ್ಟಿಯಲ್ಲಿ 'ಫೆರಿಯಾಲೆ' ಅಂದರೆ ಕೆಲಸದ ದಿನ, 'ಫೆಸ್ತಿವೋ' ಅಂದರೆ ಭಾನುವಾರ ಮತ್ತು ರಜೆ. ಅಷ್ಟು ಗೊತ್ತಿತ್ತು. ಪಕ್ಕದಲ್ಲಿ ಸಣ್ಣದಾಗಿ 'ಸ್ಕೊಲಾಸ್ತಿಕೋ' ಅಂತ ಇದ್ದದ್ದನ್ನು ನಾನು ನೋಡಲಿಲ್ಲ. ಅದು ಶಾಲೆ ಇದ್ದರೆ ಮಾತ್ರ ಓಡುವ ಬಸ್. ಜೂನ್ ಮಧ್ಯಕ್ಕೆ ಶಾಲೆ ಮುಚ್ಚಿರುತ್ತದೆ.

ಕೆಳಗಿನ ಇಸೊಲಬೋನಾಗೆ ನಡೆದೇ ಇಳಿದೆವು. ಅಮ್ಮನ ಮಂಡಿಗೆ ಒಂದು ತಾಸಿನ ಮೇಲಾಯಿತು. ದಾರಿಯುದ್ದಕ್ಕೂ ಆಲಿವ್ ತೋಟ, ಮೆಟ್ಟಿಲು ಮೆಟ್ಟಿಲಾಗಿ. ಪ್ರತಿ ಮೆಟ್ಟಿಲಿಗೂ ಗಾರೆ ಇಲ್ಲದೆ ಒಣಕಲ್ಲು ಜೋಡಿಸಿದ ಗೋಡೆ. ಈ ಕಸುಬನ್ನು 2018ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಮ್ಮ ಒಂದು ಕಡೆ ನಿಂತು ಕಲ್ಲಿನ ಸಂದಿಗೆ ಬೆರಳು ತೂರಿಸಿ ನೋಡಿದಳು. ದೊಡ್ಡ ಕಲ್ಲಿನ ನಡುವೆ ಚಕ್ಕೆಗಲ್ಲು, ಅದರ ಹಿಂದೆ ಜಲ್ಲಿ. "ನೀರು ಹೋಗಲಿ ಅಂತ ಬಿಟ್ಟಿದ್ದಾರೆ ಕಣೇ, ನಮ್ಮ ತೋಟದ ಧರೆ ಹೀಗೇ ಕಟ್ಟಿದ್ದರೆ ಕುಸೀತಿರಲಿಲ್ಲ" ಅಂದಳು. ಮತ್ತೆ ಹತ್ತು ಹೆಜ್ಜೆಗೆ ಇನ್ನೊಂದು ಗೋಡೆ ಹತ್ತಿರ ನಿಂತಳು.

ಇಸೊಲಬೋನಾದಲ್ಲಿ ಪಿನ್ಯಾ ಕಡೆಯಿಂದ ಬಂದ ಬಸ್ ಸಿಕ್ಕಿತು. ನಾನು ಚೀಲದಲ್ಲಿ ಟಿಕೆಟ್ ಹುಡುಕುತ್ತಿದ್ದೆ. ಎರಡೂ ಟಿಕೆಟ್ ಅಮ್ಮನ ಹತ್ತಿರವೇ ಇತ್ತು, ಮುದ್ರೆಯೂ ಬಿದ್ದಾಗಿತ್ತು.