ರೀಡ್‌ಲೈನ್ ಬಿಟ್ಟು ಲಿಬ್‌ಎಡಿಟ್‌ಗೆ: ನನ್ನ ಅನುಭವ

ಗ್ರಾಹಕರಿಗೆ ಸೋರ್ಸ್ ಕೋಡ್ ಇಲ್ಲದೆ ಕೊಡಬೇಕಿದ್ದ ನಮ್ಮ ಕಮಾಂಡ್‌ಲೈನ್ ಸಾಫ್ಟ್‌ವೇರ್ ಟೈಪ್ ಮಾಡುವ ಸಾಲನ್ನು ತಿದ್ದಲು ನೆರವಾಗುವ ಗ್ನೂ ರೀಡ್‌ಲೈನ್ ಎಂಬ ಲೈಬ್ರರಿಗೆ ಲಿಂಕ್ ಆಗಿರುವುದು, ಬಿಡುಗಡೆಗೆ ಮುನ್ನ ಎಲ್‌ಡಿಡಿ ಎಂಬ ಕಮಾಂಡ್ ಮೂಲಕ ಲೈಬ್ರರಿಗಳನ್ನು ಪರಿಶೀಲಿಸುವಾಗ ಕಂಡುಬಂತು. ರೀಡ್‌ಲೈನ್‌ನ ಪರವಾನಗಿ ಷರತ್ತು ಸಡಿಲವಾಗಿರುವ ಎಲ್‌ಜಿಪಿಎಲ್ ಅಲ್ಲ, ಪೂರ್ಣ ಜಿಪಿಎಲ್; ಅಂದರೆ ಅದನ್ನು ಸೇರಿಸಿಕೊಂಡ ಸಾಫ್ಟ್‌ವೇರ್ ಹಂಚುವಾಗ ಇಡೀ ಸೋರ್ಸ್ ಕೋಡನ್ನು ಅದೇ ಪರವಾನಗಿಯಡಿ ಕೊಡಬೇಕೆಂಬುದು ಷರತ್ತು. ಡೈನಾಮಿಕ್ ಲಿಂಕಿಂಗ್ (ಪ್ರೋಗ್ರಾಂ ಓಡುವಾಗ ಲೈಬ್ರರಿಯನ್ನು ಜೋಡಿಸುವುದು) ಆದರೆ ಈ ಷರತ್ತು ಅನ್ವಯಿಸದೆಂಬ ವಾದ ತಂಡದಲ್ಲಿ ಕೇಳಿಬಂತಾದರೂ, ಲಿಂಕಿಂಗ್ ಯಾವ ಬಗೆಯದಾದರೂ ಉಂಟಾಗುವುದು ಷರತ್ತಿಗೆ ಒಳಪಡುವ ಸಂಯುಕ್ತ ಕೃತಿಯೇ ಎಂಬುದು ಜಿಪಿಎಲ್ ರೂಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವು. ಲಿಸ್ಪ್ ಪ್ರೋಗ್ರಾಮಿಂಗ್ ಭಾಷೆಯ ಅನುಷ್ಠಾನವಾದ ಸಿಲಿಸ್ಪ್ (CLISP) ಯೋಜನೆ ಜಿಪಿಎಲ್‌ಗೆ ಬದಲಾದದ್ದೂ ಇದೇ ರೀಡ್‌ಲೈನ್ ಕುರಿತು 1992ರಲ್ಲಿ ನಡೆದ ಚರ್ಚೆಯ ಬಳಿಕವೇ. ಹಾಗಾಗಿ ಆ ವಾದವನ್ನು ನೆಚ್ಚಿ ಮುಂದುವರಿಯುವುದು ನನಗೆ ಸರಿಕಾಣಲಿಲ್ಲ.

ನಾವು ಆರಿಸಿಕೊಂಡದ್ದು ನೆಟ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಮೂಲದ, ಸೋರ್ಸ್ ಕೋಡ್ ಕೊಡಬೇಕೆಂದು ಕೇಳದ ಬಿಎಸ್‌ಡಿ ಪರವಾನಗಿಯ ಲಿಬ್‌ಎಡಿಟ್ ಲೈಬ್ರರಿ. ಅದರಲ್ಲಿ ರೀಡ್‌ಲೈನ್‌ಗೆ ಹೊಂದುವ ಹೆಡರ್ ಕಡತವಿರುವುದರಿಂದ, ಇನ್‌ಕ್ಲೂಡ್ ಸಾಲನ್ನೂ ಲಿಂಕರ್ ಆಯ್ಕೆಯನ್ನೂ ಬದಲಿಸಿದಾಗ ಬಹುಪಾಲು ಕೋಡ್ ಹಾಗೆಯೇ ಕಂಪೈಲ್ ಆಯಿತು. ತೊಡಕು ಎದುರಾದದ್ದು ಹಿಂದೆ ಟೈಪ್ ಮಾಡಿದ ಸಾಲುಗಳನ್ನು ಉಳಿಸುವ ಹಿಸ್ಟರಿ ಕಡತದಲ್ಲಿ: ಲಿಬ್‌ಎಡಿಟ್ ಮೊದಲ ಸಾಲಿನಲ್ಲಿ ತನ್ನದೇ ಗುರುತನ್ನು ಬರೆದು, ಪದಗಳ ನಡುವಿನ ಖಾಲಿ ಜಾಗವನ್ನು \040 ಎಂದು ಉಳಿಸುತ್ತದೆ. ಹಳೆಯ ಕಡತವನ್ನು ಪರಿವರ್ತಿಸುವ ಗೋಜಿಗೆ ಹೋಗದೆ ಬೇರೆ ಹೆಸರಿನ ಕಡತವನ್ನು ಬಳಸಿದೆವು. ಬಿಎಸ್‌ಡಿ ಪರವಾನಗಿ ಕೇಳುವ ಕೃತಿಸ್ವಾಮ್ಯದ ಸೂಚನೆಯನ್ನು ಕೈಪಿಡಿಯ ಜೊತೆಗೆ ಸೇರಿಸಿದ್ದೇವೆ.