ಸೊನ್ನೆ ಸರಿಯಾಗಿತ್ತು, ತುದಿ ತಪ್ಪಿತ್ತು

ಕಳೆದ ವರ್ಷ ಹೂಮಳೆ ಬಿದ್ದ ಒಂಬತ್ತನೇ ದಿನ ಮಡಿಕೇರಿ ಹತ್ತಿರದ ನಮ್ಮ ಕಾಫಿ ತೋಟ ಪೂರ್ತಿ ಬೆಳ್ಳಗಾಗಿತ್ತು. ಎಚ್‌ಪಿ5 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಎರಡು ರೋಲ್ ಫೋಟೋ ತೆಗೆದೆ. ಪ್ರಿಂಟ್ ಮಾಡಿದರೆ ಹೂವೆಲ್ಲ ಬರೀ ಸುಣ್ಣ. ಕಾಂಟ್ರಾಸ್ಟ್ ಇಳಿಸುವ ಗ್ರೇಡ್ 1ರ ಫಿಲ್ಟರ್ ಹಾಕಿದರೂ ಎಸಳು ಕಾಣಲಿಲ್ಲ. ಡೆನ್ಸಿಟೋಮೀಟರ್ ಇಟ್ಟುಕೊಂಡೂ ಹೀಗಾಯಿತಲ್ಲ ಎಂದು ಸಿಟ್ಟು ಬಂತು.

ನನ್ನದು ಎಕ್ಸ್‌ರೇ ಫಿಲ್ಮ್ ಪರೀಕ್ಷೆಗೆ ಬಳಸಿದ್ದ ಹಳೇ ಮೀಟರ್. ಫಿಲ್ಮ್ ಎಷ್ಟು ಬೆಳಕು ತಡೆಯುತ್ತದೆ ಅಂತ ಅಂಕಿಯಲ್ಲಿ ಹೇಳುತ್ತದೆ. 0.30 ಎಂದರೆ ಅರ್ಧ ಬೆಳಕು ದಾಟಿತು, 1.00 ಎಂದರೆ ಹತ್ತರಲ್ಲಿ ಒಂದು ಪಾಲು, 2.00 ಎಂದರೆ ನೂರರಲ್ಲಿ ಒಂದು. ನಾನು ದಿನಾ ಫಿಲ್ಮ್ ಇಡದೆ ಸೊನ್ನೆ ಮಾಡಿ ಕೆಲಸ ಶುರು ಮಾಡುತ್ತಿದ್ದೆ. ಅಷ್ಟೇ ಸಾಕು ಅಂದುಕೊಂಡಿದ್ದೆ.

ಪಕ್ಕದ ತೋಟದ ಅಣ್ಣ ಕಾಫಿ ಕುಡಿಯಲು ಬಂದವರು ಕೇಳಿದರು: "ಕಾಫಿ ಮಾರುವಾಗ ವ್ಯಾಪಾರಿಯ ಮಾಯಿಶ್ಚರ್ ಮೀಟರನ್ನು ನಂಬ್ತೀಯಾ? ಇದನ್ನು ಯಾವುದರ ಜೊತೆ ತಾಳೆ ನೋಡಿದೆ?" ಉತ್ತರ ಇರಲಿಲ್ಲ.

ಸ್ಟೌಫರ್ ಸ್ಟೆಪ್ ವೆಡ್ಜ್ ತರಿಸಿದೆ. ಮೀಟರನ್ನು ತಾಳೆ ನೋಡಲು ಬಳಸುವ, ಮೆಟ್ಟಿಲು ಮೆಟ್ಟಿಲಾಗಿ ಕಪ್ಪಾಗುತ್ತ ಹೋಗುವ 21 ಮೆಟ್ಟಿಲಿನ ಫಿಲ್ಮ್ ಪಟ್ಟಿ ಅದು. ಒಂದೊಂದು ಮೆಟ್ಟಿಲಿಗೆ 0.15 ಏರುತ್ತದೆ, ಕೊನೆಯದು ಸುಮಾರು 3.05. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೆ ಪ್ರತಿ ಮೆಟ್ಟಿಲನ್ನೂ ಅಳೆದು ಬರೆದು ಕೊಡುತ್ತಾರೆ, ಅದನ್ನೇ ತಗೊಳ್ಳಿ. ನನ್ನ ಮೀಟರ್ ಕೊನೆಯ ಮೆಟ್ಟಿಲಿಗೆ 2.60 ತೋರಿಸಿತು! ನಡುವಿನ 1.55ಕ್ಕೆ 1.32.

ಆಗ ಎಲ್ಲ ಅರ್ಥವಾಯಿತು. ನೆಗೆಟಿವ್‌ನ ತೆಳು ಜಾಗದಲ್ಲಿ ಈ ತಪ್ಪು ಕಾಣುವುದೇ ಇಲ್ಲ. 0.10 ಇರಬೇಕಾದಲ್ಲಿ 0.09 ತೋರಿಸಿದರೆ ಯಾರಿಗೆ ಅನುಮಾನ ಬರುತ್ತೆ? ಫಿಲ್ಮ್ ಸ್ಪೀಡ್, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬುದನ್ನು ಅಳೆಯುವುದು ಈ ತೆಳು ಜಾಗದಲ್ಲೇ. ಹಾಗಾಗಿ ಆ ಪರೀಕ್ಷೆ ಹೆಚ್ಚು ಕೆಡಲಿಲ್ಲ, ನನಗೆ 250 ಬಂದದ್ದು ಈಗಲೂ 250. ಆದರೆ ಪ್ರಿಂಟ್‌ನಲ್ಲಿ ಬೆಳ್ಳಗೆ ಬರುವ ಭಾಗಕ್ಕೆ ಬೇಸ್ ಮತ್ತು ಫಾಗ್ (ಬೆಳಕು ಬೀಳದ ಫಿಲ್ಮಿಗೂ ಇರುವ ಮಬ್ಬು) ಮೇಲೆ 1.25 ಬೇಕೆಂದು, ಸಮಪಾಲು ನೀರು ಬೆರೆಸಿದ ಡಿ-76 ಡೆವಲಪರ್‌ನಲ್ಲಿ ಫಿಲ್ಮ್ ಇಡುವ ಸಮಯವನ್ನು 13 ನಿಮಿಷದಿಂದ 16ಕ್ಕೆ ಏರಿಸಿದ್ದೆ. ಮೀಟರ್ 1.25 ಅಂದಾಗ ನಿಜವಾಗಿ 1.47 ಆಗಿತ್ತು, ಹೂವು ಸುಣ್ಣವಾದದ್ದು ಅದಕ್ಕೇ. ಮೊದಲು ಮೀಟರ್ ಕಡಿಮೆ ತೋರಿಸಿದಾಗ ಡೆವಲಪರ್ ಹಳತು, ನೀರು ತಣ್ಣಗಿದೆ ಅಂತ ಸುಮ್ನೆ ಬೈದುಕೊಂಡಿದ್ದೆ.

ಈಗ ಹೀಗೆ ಮಾಡುತ್ತೇನೆ. ಮೀಟರ್ ಆನ್ ಮಾಡಿ ಅರ್ಧ ಗಂಟೆ ಬಿಡುತ್ತೇನೆ. ಬೆಳಕು ಬರುವ ತೂತಿನ ಧೂಳನ್ನು ಬ್ಲೋವರ್‌ನಿಂದ ಊದುತ್ತೇನೆ. ಸೊನ್ನೆ, ಆಮೇಲೆ ಕೊನೆಯ ಮೆಟ್ಟಿಲಿಗೆ ಹೊಂದಾಣಿಕೆ, ಮತ್ತೆ ಸೊನ್ನೆ. ಕೊನೆಯ ಮೆಟ್ಟಿಲಿಗೆ ಹೊಂದಿಸಿದಾಗ ಸೊನ್ನೆ ಸ್ವಲ್ಪ ಜಾರುತ್ತದೆ, ಅದಕ್ಕೇ ಎರಡು ಸಲ. ನಡುವಿನ ಮೆಟ್ಟಿಲು ಸರಿ ಬಂದರೆ ಮಾತ್ರ ನೆಗೆಟಿವ್ ಇಡುವುದು, ಪ್ರತಿ ಸಲವೂ ಒಂದೇ ಮಗ್ಗುಲಲ್ಲಿ.

ಮಳೆಗಾಲದ ಕಾಟ ಬೇರೆ. ಜುಲೈನಲ್ಲಿ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇನ್ನು ವೆಡ್ಜ್ ಉಳಿಯುತ್ತಾ? ಮೀಟರ್, ವೆಡ್ಜ್ ಎರಡೂ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇರುತ್ತವೆ. ಕರೆಂಟ್ ಹೋಗಿ ಬಂದರೆ ಮತ್ತೆ ಮೊದಲಿಂದ. ಪರೀಕ್ಷೆಯ ಫೋಟೋಗಳನ್ನು ಹೊರಗೆ ತೆಗೆಯುವುದನ್ನೂ ಬಿಟ್ಟೆ. ಮಂಜು ಸರಿದಾಡಿದರೆ ಎರಡು ಫ್ರೇಮಿನ ನಡುವೆ ಬೆಳಕೇ ಬದಲಾಗಿರುತ್ತದೆ. ಒಳಗೆ ಗೋಡೆಗೆ ಕಂಬಳಿ ನೇತುಹಾಕಿ, ಒಂದೇ ಬಲ್ಬಿನಲ್ಲಿ ಮುಗಿಸುತ್ತೇನೆ.

ಹಳೇ ನೋಟ್‌ಬುಕ್ಕನ್ನು ಎಸೆದಿಲ್ಲ. ಅದರ ಅಂಕಿಗಳನ್ನು 0.85ರಿಂದ ಭಾಗಿಸಿಕೊಂಡು ಓದುತ್ತೇನೆ.