ಮಂಗಟ್ಟೆ ಗಂಡು ಕೊಟ್ಟ ಮಾತು ಉಳಿಸಿಕೊಳ್ಳುತ್ತದೆಯೇ? ಲೆಕ್ಕ ಇಡುವ ಬಗೆ

ದಾಂಡೇಲಿಯಲ್ಲಿ ನನ್ನ ಜೊತೆ ಕಾಡಿಗೆ ಬರುವವರೆಲ್ಲ ದಾಸ ಮಂಗಟ್ಟೆಯ (ಗ್ರೇಟ್ ಹಾರ್ನ್‌ಬಿಲ್) ಹಳದಿ ಬಣ್ಣಕ್ಕೆ ಮರುಳಾಗುತ್ತಾರೆ. ಆ ಹಳದಿ ಬಾಲದ ಬುಡದ ಗ್ರಂಥಿಯ ಎಣ್ಣೆಯಿಂದ ಹಕ್ಕಿ ತಾನೇ ಬಳಿದುಕೊಂಡದ್ದು. ಗಂಡನ್ನು ಅಳೆಯಬೇಕಾದರೆ ಅದರ ಕೊಕ್ಕಿನ ತುದಿಯಲ್ಲಿರುವ ಹಣ್ಣನ್ನು ನೋಡಿ.

ಏಕೆಂದರೆ ಹೆಣ್ಣು ಮೊಟ್ಟೆಯಿಡಲು ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆಯಿಂದಲೇ ಪೊಟರೆಯ ಬಾಯಿ ಮೆತ್ತಿ, ಗಂಡು ತುತ್ತು ಕೊಡಲು ಒಂದು ಸೀಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಒಳಗೇ ಹಳೆಯ ಗರಿ ಉದುರಿಸುತ್ತದೆ. ಕಾವಿಗೇ 38ರಿಂದ 40 ದಿನ ಬೇಕು. ಗಂಡು ಕೈಕೊಟ್ಟರೆ ಅದಕ್ಕೆ ಬೇರೆ ದಿಕ್ಕಿಲ್ಲ.

ಹಾಗಾಗಿ ಲೆಕ್ಕವನ್ನು ಗೂಡು ಮುಚ್ಚುವ ಮೊದಲೇ ಶುರು ಮಾಡಿ. ಚಳಿಗಾಲದಲ್ಲಿ ಜೋಡಿ ಒಟ್ಟಿಗೆ ಕೂತಾಗ ಕೆಂಪು ಕಣ್ಣಿನದು ಗಂಡು, ಬಿಳಿ ಕಣ್ಣಿನದು ಹೆಣ್ಣು. ಗಂಡು ಹಣ್ಣು ನೀಡಿತೇ, ಹೆಣ್ಣು ತೆಗೆದುಕೊಂಡಿತೇ, ಎಷ್ಟು ಸಲ ಎಂದು ಬರೆದಿಡಿ. ಓಲೈಕೆಯ ಕಾಲದ ಈ ತುತ್ತೇ ಗಂಡು ಕೊಟ್ಟ ಮಾತು; ಮುಂದಿನ ದುಡಿಮೆಗೆ ಅದು ಮುಂಗಡವೇ ಎಂಬುದೇ ಪ್ರಶ್ನೆ.

ಗೂಡು ಮುಚ್ಚಿದ ಮೇಲೆ ದೂರದಲ್ಲಿ, ಪೊದೆಯ ಮರೆಯಲ್ಲಿ, ಮಾಸಲು ಬಟ್ಟೆ ತೊಟ್ಟು ಕೂರಿ. ಗಂಡು ಬರುವುದು ರೆಕ್ಕೆಯ ಭಾರಿ ಸದ್ದಿನಿಂದಲೇ ಗೊತ್ತಾಗುತ್ತದೆ. ಕಾಂಡಕ್ಕೆ ಆತುಕೊಂಡು ಕತ್ತು ಕೊಡವುತ್ತದೆ. ನುಂಗಿಟ್ಟಿದ್ದ ಹಣ್ಣು ಒಂದೊಂದಾಗಿ ಕೊಕ್ಕಿನ ತುದಿಗೆ ಬರುತ್ತದೆ, ಸೀಳಿನಿಂದ ಹೊರಚಾಚಿದ ಕೊಕ್ಕು ಅದನ್ನು ಎಳೆದುಕೊಳ್ಳುತ್ತದೆ. ನಾನು ಬರೆಯುವುದು ಬಂದ ಹೊತ್ತು, ಹಣ್ಣಿನ ಎಣಿಕೆ, ಜಾತಿ, ಇಷ್ಟೇ. ಆಲ, ಬಸರಿಯಂಥ ಹಣ್ಣುಗಳನ್ನೂ ಕೊಬ್ಬಿರುವ ರಾಮಪತ್ರೆಯನ್ನೂ ಬೇರೆ ಬೇರೆ ಎಣಿಸಿ. ಎರಡರ ಪೋಷಣೆ ಒಂದೇ ಅಲ್ಲ. ಮೊಟ್ಟೆಯೊಡೆದು ಮರಿ ಬಂದ ಮೇಲೆ ಹಲ್ಲಿ, ಕೀಟಗಳೂ ಬರುತ್ತವೆ, ಅವನ್ನೂ ಸೇರಿಸಿ.

ಒಂದು ಜೋಡಿಯನ್ನು ನೋಡಿ ತೀರ್ಪು ಕೊಡಬೇಡಿ. ಕಾಡಿನಲ್ಲಿ ಹಣ್ಣು ಕಡಿಮೆಯಿದ್ದ ವರ್ಷ ಒಳ್ಳೆಯ ಗಂಡೂ ಕಡಿಮೆ ತರುತ್ತದೆ. ಒಂದೇ ಋತುವಿನ ಹಲವು ಗೂಡುಗಳನ್ನು ಹೋಲಿಸಿದರೆ ಮಾತ್ರ ಓಲೈಕೆಗೂ ದುಡಿಮೆಗೂ ನಂಟಿದೆಯೇ ಎಂದು ಕೇಳಬಹುದು.

ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗೂಡಿನತ್ತ ಹೋಗಬೇಡಿ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಲೇಬೇಡಿ. ಗಂಡು ಪಕ್ಕದ ಮರದಲ್ಲೇ ಕೂತು ಗೂಡಿಗೆ ಬರದೆ ಕಾಯುತ್ತಿದ್ದರೆ ಅಡ್ಡಿ ನೀವೇ ಎಂದು ತಿಳಿದು ತಕ್ಷಣ ಹಿಂದೆ ಸರಿಯಿರಿ; ಒಳಗೆ ಹೆಣ್ಣು ಹಸಿದಿರುತ್ತದೆ. ಸೀಳಿನಿಂದ ಕೆಳಗೆ ಬಿದ್ದ ಬೀಜಗಳನ್ನು ಎಣಿಸುವ ಕೆಲಸ ಮರಿ ಹಾರಿಹೋದ ಮೇಲೆ ಆಗಲಿ.